ಒಂದಕ್ಕೆ ನಿಲ್ಲಿಸಿದ ಕಾರು

ತುಮಕೂರಿನ ನಮ್ಮ ಮನೆಯಲ್ಲಿ ಹೆಂಗಸರು ಎಲ್ಲಿಗಾದರೂ ಹೊರಟರೆಂದರೆ ಹಿಂದಿನ ಸಂಜೆಯಿಂದಲೇ ನೀರು ಕುಡಿಯುವುದು ಬಿಟ್ಟರು ಎಂದರ್ಥ. ಗಂಡಸರು ಬಸ್ಸಿನ ಟೈಮು ವಿಚಾರಿಸುತ್ತಿದ್ದರು, ಹೆಂಗಸರು ಗಂಟಲು ಒಣಗಿಸಿಕೊಳ್ಳುತ್ತಿದ್ದರು. ಯಾಕೆ ಅಂತ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬಸ್ಸು ನಿಂತ ಕಡೆ ಗಂಡಸರು ಇಳಿದು ಗೋಡೆ ನೋಡಿಕೊಂಡು ನಿಲ್ಲುತ್ತಾರೆ. ಹೆಂಗಸರು ಎಲ್ಲಿಗೆ ಹೋಗಬೇಕು? ಎಪ್ಪತ್ತರ ದಶಕ ಮುಗಿದು ಎಂಬತ್ತರ ದಶಕ ಶುರುವಾದ ಆ ವರ್ಷಗಳಲ್ಲಿ ಈ ಪ್ರಶ್ನೆಯನ್ನು ಕೇಳುವುದೇ ಅಸಭ್ಯ ಅನ್ನಿಸಿಕೊಳ್ಳುತ್ತಿತ್ತು, ಇನ್ನು ಉತ್ತರ ಎಲ್ಲಿಂದ ಬರಬೇಕು.

ನನ್ನ ಅಬ್ಬಾನ ಅಕ್ಕ, ನಮ್ಮ ಫುಫು, ಈ ವಿದ್ಯೆಯಲ್ಲಿ ಇಡೀ ಬಂಧುಬಳಗಕ್ಕೇ ಹೆಸರುವಾಸಿ. ಬೆಂಗಳೂರಿಗೆ ಹೋಗಿ, ಮದುವೆ ಊಟ ಮುಗಿಸಿ, ಸಂಜೆ ಬಸ್ಸಿಗೆ ವಾಪಸು ಬಂದು, ಚಪ್ಪಲಿ ಬಿಡುವ ಮೊದಲೇ ಒಂದು ಚೊಂಬು ನೀರನ್ನು ಗಟಗಟನೆ ಇಳಿಸಿ, "ಹೋದಾಗಿಂದ ಒಂದು ಹನಿ ಮುಟ್ಟಿಲ್ಲ ನಾನು" ಎನ್ನುತ್ತಿದ್ದರು. ಹಜ್ ಮುಗಿಸಿ ಬಂದವರ ಮುಖದಲ್ಲೂ ಅಷ್ಟು ಹೆಮ್ಮೆಯನ್ನು ನಾನು ಕಂಡಿಲ್ಲ.

ನಮ್ಮ ಅಮ್ಮಿಗೆ ಆ ಭಾಗ್ಯ ಇರಲಿಲ್ಲ. ಐವತ್ತು ಮುಟ್ಟುವ ಮೊದಲೇ ಸಕ್ಕರೆ ಕಾಯಿಲೆ ಬಂತು. ನೀರು ಬಿಟ್ಟರೆ ತಲೆ ಸುತ್ತು, ಕುಡಿದರೆ ಮತ್ತೆ ಮತ್ತೆ ಬಚ್ಚಲು. ಅತ್ತ ದರಿ, ಇತ್ತ ಪುಲಿ. ಅವಳು ಮಾರ್ಕೆಟ್ಟಿನಾಚೆಗೆ ಹೋಗುವುದನ್ನೇ ನಿಲ್ಲಿಸಿಬಿಟ್ಟಳು. ಅವಳಿಗಿದ್ದ ಒಬ್ಬಳೇ ತಂಗಿ, ನಮ್ಮ ಖಾಲಾ, ಕುಣಿಗಲ್ಲಿನಲ್ಲಿದ್ದಳು. ಖಾಲಾ ತನ್ನ ಮಗಳ ಮದುವೆ ಮಾಡಿದಾಗಲೂ ಅಮ್ಮಿ ಹೋಗಲಿಲ್ಲ. "ಜ್ವರ" ಎಂದು ನಮ್ಮ ಕೈಯಲ್ಲಿ ಹೇಳಿ ಕಳಿಸಿದಳು. ಅದನ್ನು ಕೇಳಿ ಖಾಲಾ ನಮ್ಮ ಕಡೆ ನೋಡದೆಯೇ, "ಇಲ್ಲಿಂದ ಇಲ್ಲಿಗೆ ಬಸ್ಸು. ಅಕ್ಕ ಅನ್ನಿಸಿಕೊಂಡವಳಿಗೆ ಅಷ್ಟೂ ಆಗಲಿಲ್ಲ" ಎಂದಳು. ಮುಂದೆ ನನ್ನ ಅಣ್ಣನಿಗೆ ಮಗು ಹುಟ್ಟಿತು. ಹೆಸರಿಡುವ ದಿನ ಖಾಲಾ ಬರಲಿಲ್ಲ. ಅವಳೂ "ಜ್ವರ" ಎಂದೇ ಹೇಳಿ ಕಳಿಸಿದ್ದಳು. ಇದು ಸೇಡು ಎಂದು ನಮಗೆಲ್ಲ ಅರ್ಥವಾಯಿತು. ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಅಕ್ಕತಂಗಿಯರ ನಡುವೆ ಮಾತು ನಿಂತುಹೋಯಿತು.

ನಾನು ಆಗ ಪ್ರೈಮರಿ ಸ್ಕೂಲಿನ ಟೀಚರು. ಸಂಬಳ ಹೊಸದಾಗಿ ಬರುತ್ತಿತ್ತು, ನಾಲಿಗೆ ಮೊದಲಿನಿಂದಲೂ ಇತ್ತು. ಒಂದು ದಿನ ಅಮ್ಮಿ ಈರುಳ್ಳಿ ಹೆಚ್ಚುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದಳು. ಈರುಳ್ಳಿಯ ನೀರಲ್ಲ ಅದು ಎಂದು ಗೊತ್ತಾಗಿ, "ಹೋಗಿ ನಿಜ ಹೇಳಬಾರದಾ ಅಮ್ಮೀ?" ಎಂದು ಕೇಳಿದೆ. "ಏನಂತ ಹೇಳಲಿ? ನನಗೆ ಪದೇ ಪದೇ ಹೋಗಬೇಕಾಗುತ್ತೆ ಅಂತ ಹೇಳಲಾ? ಆ ಮಾತು ಬಾಯಿಂದ ಹೊರಡುತ್ತಾ?" ಎಂದಳು. ಮನೆಯಲ್ಲಿ ನಾವು ಆಡುವುದು ಉರ್ದು. ಅಮ್ಮಿಯ ಆ ಮಾತನ್ನು ನಾನು ಕನ್ನಡಕ್ಕೆ ತಂದಿದ್ದೇನೆ, ಅದರ ಸಂಕಟವನ್ನು ತರುವುದು ಕಷ್ಟ. ನನಗೆ ಸಿಟ್ಟು ಬಂತು. ಯಾರ ಮೇಲೆ ಅಂದರೆ, ಬಸ್ಸಿನ ಮೇಲೆ, ರಸ್ತೆಯ ಮೇಲೆ, ಆ ಗೋಡೆಗಳ ಮೇಲೆ, ಗೋಡೆ ನೋಡಿಕೊಂಡು ನಿಲ್ಲುವವರೆಲ್ಲರ ಮೇಲೆ.

"ನಿನ್ನನ್ನು ಕುಣಿಗಲ್ಲಿಗೆ ಕರಕೊಂಡು ಹೋಗ್ತೀನಿ. ಕಾರಿನಲ್ಲಿ. ನೇರವಾಗಿ ಅಲ್ಲ, ಗುಬ್ಬಿ ಸುತ್ತಿಕೊಂಡು, ಇಡೀ ದಿನ ಊರು ನೋಡಿಕೊಂಡು, ದಾರಿಯುದ್ದಕ್ಕೂ ನಿನಗೆ ನೀರು ಕುಡಿಸಿಕೊಂಡು" ಎಂದೆ.

ಸುತ್ತು ಯಾಕೆ ಎಂದು ಅಬ್ಬಾ ಕೇಳಿದರು. ನೇರ ಹೋದರೆ ಅದು ಆಸ್ಪತ್ರೆಗೆ ಹೋದ ಹಾಗೆ, ಸುತ್ತಿಕೊಂಡು ಹೋದರೆ ಟೂರು ಎಂದೆ. ವರ್ಷಗಟ್ಟಲೆ ನಾಲ್ಕು ಗೋಡೆ ನೋಡಿದವಳಿಗೆ ಟೂರೇ ಆಗಬೇಕು ಎಂಬುದು ನನ್ನ ಹಟ.

ಹೀಗೆ ಪ್ಲಾನು ಶುರುವಾಯಿತು. ಟ್ಯಾಕ್ಸಿ ಸ್ಟ್ಯಾಂಡಿನಿಂದ ಅಂಬಾಸಡರ್ ಕಾರು ಗೊತ್ತು ಮಾಡಿದೆವು. ಡ್ರೈವರಿಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯಿಂದ ಶುರುವಾಗದ ಪ್ರಯಾಣ ಪ್ರಯಾಣವೇ ಅಲ್ಲ. ಕ್ಯಾತ್ಸಂದ್ರ ಬೆಂಗಳೂರಿನ ದಿಕ್ಕಿಗೆ, ಗುಬ್ಬಿ ಅದರ ತದ್ವಿರುದ್ಧ. ಇಡ್ಲಿಗೋಸ್ಕರ ಪೂರ್ವಕ್ಕೆ ಹೋಗಿ ಪಶ್ಚಿಮಕ್ಕೆ ತಿರುಗುವುದು ಯಾವ ಲೆಕ್ಕ ಎಂದು ಅದನ್ನು ತಳ್ಳಿಹಾಕಿದೆ. ಅಬ್ಬಾ ಕಡಬದ ಕೆರೆ ಎಂದರು, ಮಾರ್ಕೋನಹಳ್ಳಿ ಡ್ಯಾಮು ಎಂದರು, ಕುಣಿಗಲ್ಲಿನ ಕುದುರೆ ಫಾರಂ ಎಂದರು. ಪ್ರತಿಯೊಂದಕ್ಕೂ ನನ್ನದು ಒಂದೇ ಪ್ರಶ್ನೆ: "ಅಲ್ಲಿ ಬಚ್ಚಲು ಇದೆಯಾ?"

"ಡ್ಯಾಮಲ್ಲಿ ಅಷ್ಟು ನೀರಿದೆ, ಅದನ್ನ ಬಿಟ್ಟು ಬಚ್ಚಲು ಕೇಳ್ತೀಯಲ್ಲೇ" ಎಂದು ಅಬ್ಬಾ ಹಣೆ ಚಚ್ಚಿಕೊಂಡರು.

ಆದರೆ ಕೊನೆಗೆ ದಾರಿ ತೋರಿಸಿದ್ದು ಅಬ್ಬಾನ ಕಸುಬೇ. ಅಬ್ಬಾ ಹಾಸಿಗೆ ಹೊಲಿಯುವವರು. ಗುಬ್ಬಿ, ಚೇಳೂರು, ಹೆಬ್ಬೂರು ಕಡೆಯ ತೋಟದ ಮನೆಗಳಲ್ಲಿ ಹೆಣ್ಣಿಗೆ ಮದುವೆ ಗೊತ್ತಾಯಿತೆಂದರೆ ಹತ್ತಿ ಹಾಸಿಗೆ, ಎರಡು ದಿಂಬು ಹೇಳುವುದಕ್ಕೆ ನಮ್ಮ ಅಂಗಡಿಗೇ ಬರುತ್ತಿದ್ದರು. ಅಜ್ಜಿಗೆ ಹೊಲಿದವರ ಮಗ ಮೊಮ್ಮಗಳಿಗೂ ಹೊಲಿದಿದ್ದಾನೆ ಎಂಬ ಮನೆಗಳಿದ್ದವು. ಆ ರಸ್ತೆಯಲ್ಲಿ ಯಾವ ಹೆಂಚಿನ ಕೆಳಗೆ ತಮ್ಮ ಯಾವ ಹಾಸಿಗೆ ಇದೆ ಎಂದು ಅಬ್ಬಾ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ನಾವು ನಿಲ್ಲಬೇಕಾದದ್ದು ಕೆರೆಗಳ ಹತ್ತಿರ ಅಲ್ಲ, ಈ ಮನೆಗಳ ಹತ್ತಿರ ಎಂದು ನನಗೆ ಹೊಳೆಯಿತು. ನಿಂತ ಮೇಲೆ ಪಕ್ಕದಲ್ಲಿ ಕೆರೆ ಇದ್ದರೆ ನೋಡೋಣ. ಹಾಸಿಗೆ ಇರುವ ಮನೆಯಲ್ಲಿ ಬಚ್ಚಲು ಇದ್ದೇ ಇರುತ್ತದೆ.

ಗುಬ್ಬಿಯಲ್ಲಿ ಮೊದಲ ಸ್ಟಾಪು: ರೈಲ್ವೆ ಸ್ಟೇಷನ್ನಿನ ಲೇಡೀಸ್ ವೇಟಿಂಗ್ ರೂಮು. ಅದು ನನ್ನ ಸ್ವಂತ ಬುದ್ಧಿ. ಗುಬ್ಬಿಯಿಂದ ಕಡಬದ ದಾರಿಯಲ್ಲಿ ಎರಡನೆಯದು: ತೆಂಗಿನ ತೋಟದ ಒಬ್ಬ ಗೌಡರ ಮನೆ. ಆ ಗೌಡರು ಅದೇ ವಾರ ದಿಂಬಿಗೆ ಹೊಸ ಹತ್ತಿ ತುಂಬಿಸಿಕೊಳ್ಳಲು ಅಂಗಡಿಗೆ ಬಂದರು. ಅವರಿಗೆ ವಿಷಯ ಹೇಳಬೇಕಲ್ಲ, ಹೇಗೆ ಹೇಳುವುದು? ಅಬ್ಬಾ ಅಂಗಡಿಯ ಕನ್ನಡದಲ್ಲಿ ಪಂಡಿತರು. ಆದರೆ ಆ ಕನ್ನಡದಲ್ಲಿ ಹತ್ತಿ, ನೂಲು, ಅಳತೆ ಬಿಟ್ಟರೆ ಇಂಥ ಮಾತಿಗೆ ಜಾಗವಿರಲಿಲ್ಲ. ನಾನೇ ದಾರಿ ಹೇಳಿಕೊಟ್ಟೆ: "ನಮ್ಮ ಸ್ಕೂಲಲ್ಲಿ ಮಕ್ಕಳು ಕಿರುಬೆರಳು ಎತ್ತಿ ಒಂದಕ್ಕೆ ಅಂತಾರೆ ಅಬ್ಬಾ. ಮರ್ಯಾದೆಯ ಮಾತು. ಅಷ್ಟೇ ಹೇಳಿ."

ಅಬ್ಬಾ ಅಷ್ಟೇ ಹೇಳಿದರು. ಸಂಜೆ ಮನೆಗೆ ಬಂದಾಗ ಅವರ ಮುಖ ಅರಳಿತ್ತು.

"ಎಷ್ಟು ದೊಡ್ಡ ಮನಸ್ಸು ಆ ಗೌಡರದು! ಭಾನುವಾರ ಮನೆಯವರ ಜೊತೆ ಆ ಕಡೆ ಬರ್ತಿದೀವಿ, ಒಂದಕ್ಕೆ ನಿಮ್ಮನೆ ಹತ್ರ ನಿಲ್ಲಿಸ್ತೀವಿ ಅಂದೆ. ಕೈ ಮುಗಿದುಬಿಟ್ರು. 'ಬನ್ನಿ ಸಾಬ್ರೇ, ನಮ್ ಪುಣ್ಯ, ನಿಮ್ಮೋರ್ನೆಲ್ಲ ಕರ್ಕೊಂಡ್ ಬನ್ನಿ' ಅಂದ್ರು."

ಒಂದಕ್ಕೆ ಹೋಗುವುದನ್ನು ಪುಣ್ಯ ಎಂದುಕೊಳ್ಳುವವರು ಇರುತ್ತಾರಾ ಎಂದು ನನಗೂ ಒಂದು ಗಳಿಗೆ ಅನ್ನಿಸಿತು. ಹಳ್ಳಿಯವರ ಉಪಚಾರ ಇರಬೇಕು ಎಂದುಕೊಂಡು ಸುಮ್ಮನಾದೆ.

ಭಾನುವಾರ ಬೆಳಗ್ಗೆ ಕಾರು ಬಂತು. ಮುಂದೆ ಡ್ರೈವರು ಮತ್ತು ಅಬ್ಬಾ, ಹಿಂದೆ ನಾನು, ಅಮ್ಮಿ, ಫುಫು. ಫುಫು ಯಾಕೆ ಬಂದರು ಎಂದರೆ, ಅವರನ್ನು ಬಿಟ್ಟು ಹೊರಡುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಪಕ್ಕದ ಮನೆಯಾಕೆ ರಂಗೋಲಿ ಬಿಡುತ್ತಿದ್ದವರು ತಲೆಯೆತ್ತಿ ನೋಡಿದರು. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು ನೋಡಿ, ಅದಕ್ಕೆ "ದೂರಾನಾ?" ಎಂದರು. ಅಮ್ಮಿ ಕಿಟಕಿಯಿಂದ ಕತ್ತು ಹೊರಹಾಕಿ, "ಹೌದು, ಬಹಳ ದೂರ!" ಎಂದಳು. ಆ 'ಬಹಳ' ಎನ್ನುವಾಗ ಅವಳ ದನಿ ಚಿಕ್ಕ ಹುಡುಗಿಯದಾಗಿತ್ತು.

ಮಲ್ಲಸಂದ್ರ ದಾಟುವ ಮೊದಲೇ ನಾನು ಕೂಜಾದ ಮುಚ್ಚಳ ತೆಗೆದು ಅಮ್ಮಿಗೆ ಲೋಟ ತುಂಬಿ ಕೊಟ್ಟೆ. ಅವಳು ಫುಫು ಕಡೆ ನೋಡಿದಳು. "ಕುಡಿ" ಎಂದು ಗದರಿದೆ. ಕುಡಿದಳು. ಫುಫು ಕಿಟಕಿಯಾಚೆ ನೋಡುತ್ತಾ, "ನಾನಂತೂ ನಿನ್ನೆ ಸಂಜೆಯಿಂದಲೇ ಬಿಟ್ಟಿದೀನಿ. ಎಲ್ಲಾ ಅಭ್ಯಾಸ" ಎಂದರು. ತುಟಿ ಒಣಗಿ ಬಿಳಿಚಿಕೊಂಡಿತ್ತು, ಆದರೆ ಗತ್ತು ಇಳಿದಿರಲಿಲ್ಲ.

ಗುಬ್ಬಿಯಲ್ಲಿ ನನ್ನ ಲೆಕ್ಕ ತಪ್ಪಲಿಲ್ಲ. ಅಬ್ಬಾ ಎಲ್ಲರಿಗೂ ಪ್ಲಾಟ್‌ಫಾರಂ ಟಿಕೆಟ್ಟು ತಂದರು. ಯಾರನ್ನೂ ಕಳಿಸುವುದಕ್ಕಲ್ಲ, ಯಾರನ್ನೂ ಕರೆತರುವುದಕ್ಕಲ್ಲ. ಅಮ್ಮಿ ವೇಟಿಂಗ್ ರೂಮಿಗೆ ಹೋಗಿ ಬಂದು, ಬೆಂಚಿನ ಮೇಲೆ ಕುಳಿತು ನೀರು ಕುಡಿದು, ಅರಸೀಕೆರೆ ಕಡೆಗೆ ಹೋಗುವ ರೈಲು ಬಂದು ಹೋಗುವುದನ್ನು ಕಣ್ತುಂಬ ನೋಡಿದಳು. "ರೈಲಿನೊಳಗೇ ಬಚ್ಚಲು ಇರುತ್ತಂತಲ್ಲ. ಯಾರೋ ಹೆಂಗಸಿನ ಮಾತು ಕೇಳಿ ಕಟ್ಟಿರಬೇಕು" ಎಂದಳು. ನಾನು ಡ್ರೈವರಿಗೆ ಮುಂದಿನ ಸ್ಟಾಪು ತೋಟದ ಮನೆ ಎಂದು ಹೇಳಿದಾಗ ಅವರು ನಕ್ಕರು.

"ಏನಮ್ಮಾ ಇದು, ಟೂರೋ ಇಲ್ಲಾ ಎಲೆಕ್ಷನ್ ಪ್ರಚಾರಾನೋ? ಮನೆಮನೆಗೂ ನಿಲ್ಲಿಸ್ಬೇಕು ಅಂತೀರ!"

"ಎಲೆಕ್ಷನ್ನೇ ಅಂದ್ಕೊಳ್ಳಿ. ನಾವು ಗೆಲ್ಲೋದು ಗ್ಯಾರಂಟಿ" ಎಂದೆ. ಅಷ್ಟು ಸೊಕ್ಕು ನನಗೆ.

ಗೌಡರ ಮನೆಯ ಮುಂದೆ ಕಾರು ನಿಂತಾಗ ಆ ಸೊಕ್ಕು ಇಳಿಯಿತು. ಬಾಗಿಲಿಗೆ ಬೀಗ. ದನದ ಕೊಟ್ಟಿಗೆಯಲ್ಲಿ ಒಂದು ಎಮ್ಮೆ ಬಿಟ್ಟರೆ ನರಪಿಳ್ಳೆ ಇಲ್ಲ. ಅಬ್ಬಾ "ಗೌಡ್ರೇ, ಗೌಡ್ರೇ" ಎಂದು ತೋಟದ ಕಡೆಗೆ ಕೂಗಿದರು. ಎಮ್ಮೆ ಕೂಗಿತು. ಅಮ್ಮಿ ಕಾರಿನೊಳಗೆ ಬೆರಳು ಬೆರಳು ಹಿಸುಕಿಕೊಳ್ಳುತ್ತಾ ಕುಳಿತಿದ್ದಳು. ರೈಲು ನೋಡುತ್ತಾ ಕುಡಿದ ನೀರೆಲ್ಲ ಈಗ ತನ್ನ ಕೆಲಸ ಮಾಡುತ್ತಿತ್ತು. ಅವಳ ಹಣೆಯಲ್ಲಿ ಬೆವರು ಕಂಡಿತು. ಇಲ್ಲೇ ಇವಳು ಸೋತರೆ ಮುಗಿಯಿತು, ಇನ್ನೆಂದೂ ಮನೆ ಬಿಟ್ಟು ಹೊರಡುವುದಿಲ್ಲ, ಕುಣಿಗಲ್ಲಿನ ಬಾಗಿಲು ಇನ್ನು ಮುಚ್ಚಿದ್ದೇ.

"ಅದಕ್ಕೇ ನಾನು ಹೇಳೋದು" ಎಂದು ಫುಫು ಶುರುಮಾಡಿದರು, "ನೀರು ಅನ್ನೋದು ಮನೆಯಲ್ಲಿ ಕುಡಿಯೋ ವಸ್ತು—"

ಅವರ ಮಾತು ಮುಗಿಯುವ ಮೊದಲೇ ಅಮ್ಮಿ ಬಾಗಿಲು ತೆಗೆದು ಇಳಿದಳು. ಸ್ವಲ್ಪ ಆಚೆ ಇನ್ನೊಂದು ಮನೆ. ಜಗಲಿಯ ಮೇಲೆ ಒಬ್ಬ ಹೆಂಗಸು ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಅಮ್ಮಿ ಮುಖದ ಪರದೆ ಮೇಲೆತ್ತಿ ನೆಟ್ಟಗೆ ಅವಳ ಹತ್ತಿರ ಹೋದಳು. ನಾನು ಹಿಂದೆ ಓಡಿದೆ, ಮಾತಾಡಲು ನಾನಿರಬೇಕಲ್ಲ ಎಂದು. ಅಮ್ಮಿಯ ಕನ್ನಡ ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುವಷ್ಟು ಮಾತ್ರ. ನಾನು ತಲುಪುವಷ್ಟರಲ್ಲಿ ಅವಳು ಆಗಲೇ ಹೇಳಿಬಿಟ್ಟಿದ್ದಳು, ಅದೂ ಸೊಪ್ಪು ಕೇಳುವ ದನಿಯಲ್ಲೇ, ಗಟ್ಟಿಯಾಗಿ:

"ಅಕ್ಕಾ, ನಂಗೆ ಶುಗರ್ ಅದೆ. ಬಹಳ ಅರ್ಜೆಂಟು. ನಿಮ್ ಬಚ್ಚಲು ಕೊಡ್ತೀರಾ?"

ಆ ಹೆಂಗಸು ಮೊರ ಕೆಳಗಿಟ್ಟಳು. "ಅಯ್ ಬಾರವ್ವ! ಕೊಡಾದೇನು, ಹೊತ್ಕೊಂಡ್ ಹೋದೀಯಾ? ನಮ್ಮತ್ತೇಗೂವೆ ಇದೇ ಕಾಯ್ಲೆ ಇತ್ತು, ಪಾಪ, ಇಡೀ ದಿನ ಇದೇ ಗೋಳು" ಎನ್ನುತ್ತಾ ಅಮ್ಮಿಯ ಕೈ ಹಿಡಿದು ಹಿತ್ತಿಲ ಕಡೆಯಿಂದ ಕರೆದುಕೊಂಡು ಹೋದಳು. ಮನೆಯೊಳಗಿಂದ ಅಲ್ಲ, ಹಿತ್ತಿಲ ಕಡೆಯಿಂದ. ಅದು ನನ್ನ ಕಣ್ಣಿಗೆ ಬಿತ್ತು. ಅಮ್ಮಿಯ ಕಣ್ಣಿಗೂ ಬಿದ್ದಿರಬೇಕು. ಆದರೆ ಹಿಡಿದ ಕೈಯನ್ನು ಆ ಹೆಂಗಸು ಬಚ್ಚಲ ಬಾಗಿಲವರೆಗೂ ಬಿಡಲಿಲ್ಲ. ಅಮ್ಮಿ ಇವತ್ತಿಗೂ ನೆನೆಸಿಕೊಳ್ಳುವುದು ಆ ಕೈಯನ್ನೇ.

ಅಮ್ಮಿ ವಾಪಸು ಬಂದಾಗ ನಗುತ್ತಿದ್ದಳು. ಆ ನಗುವನ್ನು ನಾನು ಮರೆತಿಲ್ಲ. ಒಂದು ಮಾತು ಬಾಯಿಂದ ಹೊರಡುವುದಿಲ್ಲ ಎಂದು ವರ್ಷಗಟ್ಟಲೆ ಹೆದರಿ ಮನೆಯಲ್ಲಿ ಕೂತಿದ್ದವಳು, ಅದು ಹೊರಟೇಬಿಟ್ಟಿತಲ್ಲ, ಆಕಾಶ ಬೀಳಲಿಲ್ಲವಲ್ಲ ಎಂದು ನಗುತ್ತಿದ್ದಳು. ಜಗಲಿಯ ಮೇಲೆ ಕುಳಿತು ಆ ಹೆಂಗಸು ಕೊಟ್ಟ ಮಜ್ಜಿಗೆಯನ್ನೂ ಕುಡಿದಳು. ಇಬ್ಬರೂ ಕಾಯಿಲೆಯ ಕಥೆ ಹೇಳಿಕೊಂಡು, ಅರ್ಧ ಮಾತಿನಲ್ಲಿ, ಅರ್ಧ ಕೈಸನ್ನೆಯಲ್ಲಿ, ಹಳೇ ಸ್ನೇಹಿತೆಯರ ಹಾಗೆ ಕೂತುಬಿಟ್ಟರು.

ಅಷ್ಟರಲ್ಲಿ ಫುಫು ಕಾರಿನಿಂದ ಇಳಿದು ಬುರ್ಖಾ ಸರಿಮಾಡಿಕೊಂಡು ಬಂದರು. "ಹಿತ್ತಿಲಲ್ಲಿ ಕರಿಬೇವಿನ ಗಿಡ ಇದೆಯೇನೋ, ಸುಮ್ಮನೆ ನೋಡಿಕೊಂಡು ಬರ್ತೀನಿ" ಎಂದು ನನಗೆ ಹೇಳಿದರು. ಜಗಲಿಯ ಹೆಂಗಸು ಅವರ ಮುಖ ನೋಡಿದ್ದೇ ಗೊತ್ತು ಮಾಡಿಕೊಂಡು, "ಬನ್ನಿ ಬನ್ನಿ, ಊರಿಗ್ ಬಂದೋಳು ನೀರಿಗ್ ಬರ್ದೆ ಇರ್ತಾಳಾ" ಎಂದಳು. ಫುಫುಗೆ ಆ ಗಾದೆ ಪೂರ್ತಿ ಅರ್ಥವಾಗಲಿಲ್ಲ, ಪುಣ್ಯಕ್ಕೆ. ಕರಿಬೇವಿಲ್ಲದೆ ವಾಪಸು ಬಂದರು. ಬಂದವರು ಒಂದು ಚೊಂಬು ನೀರು ಕೇಳಿ, ಹಗಲು ಹೊತ್ತಿನಲ್ಲಿ, ಹೊರಗಿನ ಜಗಲಿಯಲ್ಲಿ, ನಮ್ಮೆಲ್ಲರ ಎದುರು ಪೂರ್ತಿ ಕುಡಿದರು. ನಾನು ಏನೂ ಹೇಳಲಿಲ್ಲ. ಹೇಳದೆ ಇರುವುದು ಎಷ್ಟು ಕಷ್ಟವಾಯಿತು ಎಂದು ನನ್ನನ್ನು ಬಲ್ಲವರಿಗೆ ಗೊತ್ತು.

ಆಗ ಗುಬ್ಬಿ ಕಡೆಯಿಂದ ಒಂದು ಸೈಕಲ್ಲು ಬಂತು. ಗೌಡರು! ಹ್ಯಾಂಡಲ್ಲಿಗೆ ಕೈಚೀಲ ನೇತುಹಾಕಿಕೊಂಡು ತುಳಿಯುತ್ತಿದ್ದವರು ನಮ್ಮನ್ನು ಕಂಡು ಹೌಹಾರಿ ಇಳಿದರು.

"ಇದೇನ್ ಸಾಬ್ರೇ ಇಷ್ಟ್ ಬ್ಯಾಗ ಬಂದ್ಬುಟ್ರಿ! ಒಂದಕ್ಕೆ ಅಂದಿದ್ರಲ್ಲ?"

"ಹೌದು, ಒಂದಕ್ಕೇ ಬಂದಿದ್ದು" ಎಂದರು ಅಬ್ಬಾ.

"ಇನ್ನೂ ಹತ್ತೂ ಆಗಿಲ್ವಲ್ಲಪ್ಪ! ಒಂದ್ ಗಂಟೆಗೆ ಊಟಕ್ಕೆ ಬರ್ತೀರ ಅಂತ ನಾನು ಕೋಳಿ ತಕಂಡು ಗುಬ್ಬಿಗೆ ಹೋಗಿದ್ದೆ. ನಾವ್ ಕುಯ್ದ್ರೆ ನೀವ್ ತಿನ್ನಲ್ಲ ಅಂತ, ನಿಮ್ಮೋರ ಕೈಲೇ ಕುಯ್ಸ್ಕಂಡ್ ಬಂದಿವ್ನಿ. ಮನೇವ್ಳು ಬಾಳೆ ಎಲೆ ತರಾಕೆ ತ್ವಾಟಕ್ಕೆ ಹೋಗವ್ಳೆ."

ಅಬ್ಬಾ ನನ್ನ ಮುಖ ನೋಡಿದರು. ನಾನು ಅಬ್ಬಾನ ಮುಖ ನೋಡಿದೆ. ಮರ್ಯಾದೆಯ ಮಾತು ಎಂದು ನಾನು ಹೇಳಿಕೊಟ್ಟ ಮಾತು ಕೋಳಿಯೊಂದನ್ನು ಗುಬ್ಬಿಗೆ ಕಳಿಸಿತ್ತು. ಅಬ್ಬಾ ಗೌಡರ ಕಿವಿಯಲ್ಲಿ ಏನೋ ಹೇಳಿ, ಮುಜುಗರದಿಂದ ಕಿರುಬೆರಳು ತೋರಿಸಿದರು. ಗೌಡರು ಒಂದು ಕ್ಷಣ ಆ ಬೆರಳನ್ನೇ ನೋಡಿ, ಸೈಕಲ್ಲು ಕೈಬಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕರು. ಸೈಕಲ್ಲು ಬಿತ್ತು, ಕೈಚೀಲ ಬಿತ್ತು. "ಒಂದಕ್ಕೇ! ನಾನ್ ನಮ್ ಪುಣ್ಯ ಬೇರೆ ಅಂದ್ನಲ್ಲ ಸಾಬ್ರೇ!" ಎಂದು ಜಗಲಿಯ ಕಂಬ ಹಿಡಿದುಕೊಂಡರು. ಡ್ರೈವರಿಗೆ ಕಣ್ಣಲ್ಲಿ ನೀರು. ಅಮ್ಮಿ ಮಾತ್ರ ಯಾಕೆ ನಗುತ್ತಿದ್ದೀರಿ ಎಂದು ಕೇಳಿ, ತಿಳಿದುಕೊಂಡು, ಎಲ್ಲರಿಗಿಂತ ಕೊನೆಯಲ್ಲಿ ಶುರುಮಾಡಿ ಎಲ್ಲರಿಗಿಂತ ಹೆಚ್ಚು ನಕ್ಕಳು.

ಊಟ ಮಾಡದೆ ಬಿಡುವ ಮಾತೇ ಇರಲಿಲ್ಲ. ನಾನು ನನ್ನ ಪ್ಲಾನು ಹಿಡಿದುಕೊಂಡು ರಚ್ಚೆ ಹಿಡಿದೆ. ಕೆರೆ ಇದೆ, ಡ್ಯಾಮು ಇದೆ, ಅಲ್ಲಿ ಗೆಸ್ಟ್ ಹೌಸ್ ನೋಡಿಕೊಳ್ಳುವ ಮೇಟಿಗೆ ಹೇ‍ಳಿಟ್ಟಿದ್ದೇನೆ, ಲೇಟಾಗುತ್ತದೆ. ಅಮ್ಮಿ ನನ್ನನ್ನು ಪಕ್ಕಕ್ಕೆ ಎಳೆದು, "ಸುಮ್ಮನಿರೇ. ಡ್ಯಾಮು ಎಲ್ಲೂ ಓಡಿಹೋಗಲ್ಲ. ಇವರು ಕೋಳಿಯನ್ನ ಸೈಕಲ್ಲಲ್ಲಿ ಗುಬ್ಬಿಗೆ ಕರಕೊಂಡು ಹೋಗಿ ಬಂದಿದ್ದಾರೆ" ಎಂದಳು. ನೋಡಲೇಬೇಕಾದದ್ದು ಇನ್ನೇನಿದೆ ಎಂಬ ದನಿಯಲ್ಲಿ ಹೇಳಿದಳು. ಗೌಡತಿ ಎಲೆ ಹೊತ್ತು ಬಂದರು, ಒಲೆ ಹೊತ್ತಿತು, ಪಕ್ಕದ ಮನೆಯಾಕೆಯೂ ಮಸಾಲೆ ರುಬ್ಬಲು ಬಂದಳು. ತೋಟದ ನೆರಳಿನಲ್ಲಿ ಚಾಪೆ ಹಾಸಿ ಮುದ್ದೆ, ಕೋಳಿ ಸಾರು ಬಡಿಸಿದರು. ಗೌಡರು ಅಬ್ಬಾನನ್ನು ಒಳಗೆ ಕರೆದುಕೊಂಡು ಹೋಗಿ ತಮ್ಮ ಮದುವೆಯ ಹಾಸಿಗೆ ತೋರಿಸಿದರು. ಅದಕ್ಕೆ ಹತ್ತಿ ಹಿಂಜಿದ್ದು ನಮ್ಮ ದಾದಾ, ಅಬ್ಬಾನ ತಂದೆ. ಅಬ್ಬಾ ಅದರ ಮೂಲೆಯ ಹೊಲಿಗೆಯನ್ನು ಬೆರಳಿನಿಂದ ಸವರಿ ನೋಡಿದರು.

ಕಡಬದ ಕೆರೆಯನ್ನು ಕಾರಿನಿಂದಲೇ ನೋಡಿದೆವು. ಡ್ಯಾಮು ಬಿಟ್ಟುಹೋಯಿತು. ಒಳದಾರಿಯ ಗುಂಡಿಗಳಲ್ಲಿ ಎದ್ದು ಬಿದ್ದು ಮಂಗಳೂರು ರಸ್ತೆ ಸೇರಿದೆವು. ದಾರಿಯಲ್ಲಿ ಅಮ್ಮಿ ಇನ್ನೆರಡು ಕಡೆ ಕಾರು ನಿಲ್ಲಿಸಿದಳು. ಆ ಎರಡೂ ಕಡೆ ಅಬ್ಬಾನ ಹಾಸಿಗೆ ಇರಲಿಲ್ಲ, ಪರಿಚಯವೂ ಇರಲಿಲ್ಲ. ಬಾಗಿಲಲ್ಲಿ ಹೆಂಗಸು ಕಂಡರೆ ಸಾಕು, ಇಳಿದು ಹೋಗಿ "ಅಕ್ಕಾ, ನಂಗೆ ಶುಗರ್ ಅದೆ" ಎನ್ನುತ್ತಿದ್ದಳು. ಯಾರೂ ಇಲ್ಲ ಎನ್ನಲಿಲ್ಲ. ಒಬ್ಬಾಕೆ ಹಾಗಲಕಾಯಿ ರಸದ ಔಷಧಿ ಹೇಳಿಕೊಟ್ಟಳು, ಇನ್ನೊಬ್ಬಾಕೆ ಒಂದು ಮಡಿಲು ಅವರೆಕಾಯಿ ಕೊಟ್ಟು ಕಳಿಸಿದಳು. ನನ್ನ ಪ್ಲಾನಿನ ಅವಶ್ಯಕತೆಯೇ ಮುಗಿದಿತ್ತು. ನನಗೆ ಸ್ವಲ್ಪ ಬೇಜಾರೂ ಆಯಿತು, ಸುಳ್ಳೇಕೆ ಹೇಳಲಿ. ಆದರೆ ಅದಕ್ಕಿಂತ ದೊಡ್ಡದಾಗಿ ಎದೆ ಉಬ್ಬಿತು. ಇವಳು ನನ್ನ ಅಮ್ಮಿ ಎಂದು ಡ್ರೈವರಿಗೆ ಸುಮ್ಮಸುಮ್ಮನೆ ಎರಡು ಸಲ ಹೇಳಿದೆ.

ಕುಣಿಗಲ್ಲಿನಲ್ಲಿ ಫಾರಂನ ಬೇಲಿಯಾಚೆ ಕುದುರೆಗಳು ಮೇಯುತ್ತಿದ್ದವು. ಸ್ವಲ್ಪ ಹೊತ್ತು ನಿಂತು ನೋಡಿದೆವು. ಕುದುರೆ ನೋಡುತ್ತಾ ನೋಡುತ್ತಾ ಅಮ್ಮಿಯ ನಗು ಕಡಿಮೆಯಾಯಿತು. ಇನ್ನು ಮುಂದಿನ ಬಾಗಿಲು ತಂಗಿಯದು. ಗುರುತಿಲ್ಲದವರ ಬಾಗಿಲು ತಟ್ಟುವುದು ಸುಲಭ.

ಖಾಲಾ ಬಾಗಿಲು ತೆಗೆದಳು. ಅಬ್ಬಾಗೆ ಸಲಾಂ ಹೇಳಿದಳು, ಫುಫುಗೆ "ಬನ್ನಿ ಬನ್ನಿ" ಎಂದಳು, ನನ್ನ ಗಲ್ಲ ಹಿಡಿದಳು. ಅಮ್ಮಿಗೆ ಏನೂ ಹೇಳಲಿಲ್ಲ. ಎಲ್ಲರೂ ಕುಳಿತೆವು. ಪಡಸಾಲೆಯಲ್ಲಿ ಖಾಲಾಳ ಗಂಡ, ಇಬ್ಬರು ಗಂಡುಮಕ್ಕಳು, ಅಬ್ಬಾ. ಚಹಾ ಬಂತು. ಖಾಲಾ ತನ್ನ ಲೋಟವನ್ನು ಮುಟ್ಟದೆ, ಅಕ್ಕನ ಕಡೆ ತಿರುಗಿ, ನಿಧಾನವಾಗಿ ಕೇಳಿದಳು:

"ಜ್ವರ ಇಳೀತಾ?"

ಎರಡು ವರ್ಷದ ಸಿಟ್ಟೆಲ್ಲ ಆ ಎರಡು ಮಾತಿನಲ್ಲಿತ್ತು. ಅಬ್ಬಾ ತಲೆ ತಗ್ಗಿಸಿದರು. ನಾನು ಬಾಯಿ ತೆರೆದೆ. ಅಮ್ಮಿ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಸುಮ್ಮನಿರಿಸಿದಳು.

"ಜ್ವರ ಇರಲಿಲ್ಲ ಕಣೇ. ಸುಳ್ಳು ಹೇಳಿದ್ದೆ. ನನಗೆ ಶುಗರ್ ಬಂದಿದೆ. ಸ್ವಲ್ಪ ಹೊತ್ತು ಬಚ್ಚಲಿಗೆ ಹೋಗದೆ ಇದ್ದರೆ ತಡೆಯೋಕಾಗಲ್ಲ. ಬಸ್ಸಿನಲ್ಲಿ ಸೀರೆ ಒದ್ದೆ ಮಾಡಿಕೊಂಡು ನಿನ್ನ ಮಗಳ ಮದುವೆಗೆ ಹೇಗೆ ಬರಲಿ? ನಾಚಿಕೆ ಆಗಿ ಹೇಳಲಿಲ್ಲ. ಇವತ್ತು ದಾರಿಯಲ್ಲಿ ಊರಿಗೆಲ್ಲ ಹೇಳಿಕೊಂಡು ಬಂದೆ. ನಿನಗೆ ಹೇಳದೆ ಇರೋಕಾಗುತ್ತಾ?"

ಗಂಡಸರೆಲ್ಲ ಇದ್ದ ಪಡಸಾಲೆಯಲ್ಲಿ ಅಮ್ಮಿ ಇದನ್ನು ಸೆರಗು ಬಾಯಿಗೆ ಅಡ್ಡ ಹಿಡಿಯದೆ ಹೇಳಿದಳು. ಖಾಲಾಳ ಗಂಡ ಎದ್ದು, ಅಬ್ಬಾನನ್ನೂ ಎಬ್ಬಿಸಿಕೊಂಡು, ಕೆರೆ ಏರಿಯ ಮೇಲೆ ಗಾಳಿ ಚೆನ್ನಾಗಿದೆ ಎಂದು ಹೊರಟೇಬಿಟ್ಟರು. ಹುಡುಗರೂ ಹಿಂಬಾಲಿಸಿದರು. ಖಾಲಾ ಕೂತ ಕಡೆಯಿಂದ ಅಲುಗಲಿಲ್ಲ. ಅವಳಿಗೆ ಇನ್ನೂ ಸಿಟ್ಟು ಬಂತೇನೋ ಎಂದು ನಾನು ಹೆದರಿದೆ.

"ಯಾವಾಗಿನಿಂದ ಆಪಾ?" ಎಂದು ಕೇಳಿದಳು.

"ನಾಲ್ಕು ವರ್ಷ ಆಗುತ್ತಾ ಬಂತು."

"ನನಗೆ ಮೂರು" ಎಂದಳು ಖಾಲಾ.

ಖಾಲಾಳ ಮುಖ ಕುಸಿಯಿತು. "ಮಗುವಿಗೆ ಹೆಸರಿಡೋ ದಿನ ನಾನು ಹೊರಟಿದ್ದೆ ಆಪಾ. ಬಸ್ ಸ್ಟ್ಯಾಂಡಿನವರೆಗೂ ಬಂದಿದ್ದೆ. ಬಸ್ಸು ಹತ್ತೋಕೆ ಕಾಲು ಎತ್ತಿದೆ. ಮಧ್ಯದಲ್ಲಿ ಏನಾದರೂ ಆದರೆ ಅಂತ ಭಯ ಆಯಿತು. ವಾಪಸು ಬಂದು ಬಾಗಿಲು ಹಾಕಿಕೊಂಡು ಅತ್ತೆ. ಮಗುವಿಗೆ ಅಂತ ನಾನೇ ಹೊಲಿದ ಟೋಪಿ ಪೆಟ್ಟಿಗೆಯಲ್ಲೇ ಇದೆ. ನೀನು ಸೇಡು ಅಂದುಕೊಂಡೆ ಅಲ್ವಾ?"

"ನೀನು ಕೊಬ್ಬು ಅಂದುಕೊಂಡೆ ಅಲ್ವಾ?" ಎಂದಳು ಅಮ್ಮಿ.

ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಅಳುವಿನ ನಡುವೆ ಅಮ್ಮಿಗೆ ನಗು ಬಂತು, ಅದು ಖಾಲಾಗೂ ಹತ್ತಿಕೊಂಡಿತು. ಆಮೇಲೆ ಇಬ್ಬರೂ ಒಟ್ಟಿಗೇ ಎದ್ದು, ಒಬ್ಬರನ್ನೊಬ್ಬರು ತಳ್ಳಿಕೊಂಡು ಹಿತ್ತಿಲಿಗೆ ಓಡಿದರು. ಫುಫು ಕೂಡ ಕಣ್ಣೊರೆಸಿಕೊಂಡರು. ಒಳಗೆ ಹೋಗಿ ನಾನೂ ಅತ್ತೆ. ಗೆದ್ದವರು ಅಳಬಾರದು ಎಂದು ಎಲ್ಲೂ ಬರೆದಿಲ್ಲ.

ಹೊರಡುವ ಹೊತ್ತಾಯಿತು. ಖಾಲಾ ನನ್ನ ಹತ್ತಿರ ಬಂದು, ಯಾರಿಗೂ ಕೇಳಿಸದ ಹಾಗೆ ವಿಚಾರಿಸಿದಳು.

"ವಾಪಸು ಹೋಗೋ ದಾರಿಯಲ್ಲಿ ಎಲ್ಲೆಲ್ಲಿ ನಿಲ್ಲಿಸ್ತೀಯಾ?"

"ಹೆಬ್ಬೂರಿನಲ್ಲಿ ಅಬ್ಬಾನ ಗಿರಾಕಿಯ ಮನೆ ಇದೆ. ಗೂಳೂರಿನಲ್ಲಿ ನಮ್ಮ ಸ್ಕೂಲಿನ ಟೀಚರ ಮನೆ."

"ಹೆಬ್ಬೂರಿಗೆ ಮೊದಲು ಬೇಕಾದರೆ?"

"ಯಾವ ಮನೆ ಕಂಡರೆ ಆ ಮನೆ ಖಾಲಾ. ಅಮ್ಮಿ ಇಳಿದು ಕೇಳ್ತಾಳೆ."

ಖಾಲಾ ಸ್ವಲ್ಪ ಹೊತ್ತು ಯೋಚಿಸಿದಳು. ಒಳಗೆ ಹೋದಳು. ಪೆಟ್ಟಿಗೆ ತೆಗೆದ ಶಬ್ದ ಕೇಳಿಸಿತು. ಅಬ್ಬಾ ಕೆರೆ ಏರಿಯಿಂದ ಬಂದಿದ್ದರು, ಎಲ್ಲರೂ ಪಡಸಾಲೆಯಲ್ಲಿ ನಿಂತು ಖುದಾ ಹಾಫಿಜ್ ಹೇಳಿಕೊಂಡೆವು. ಖಾಲಾ ಮಾತ್ರ ಕಾಣಲಿಲ್ಲ. ಮತ್ತೆ ಅಳುತ್ತಾ ಒಳಗೆ ಕೂತಿರಬೇಕು ಎಂದುಕೊಂಡು ಅಮ್ಮಿ ಎರಡು ಸಲ ಕೂಗಿದಳು. ಉತ್ತರ ಬೀದಿಯಿಂದ ಬಂತು. ಹೊರಗೆ ಬಂದು ನೋಡಿದರೆ ಖಾಲಾ ಬುರ್ಖಾ ತೊಟ್ಟು, ಮಗುವಿನ ತಲೆಗೆ ಈಗ ಹಿಡಿಸದ ಆ ಪುಟ್ಟ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು, ಕಾರಿನ ಹಿಂದಿನ ಸೀಟಿನಲ್ಲಿ ನಮಗಿಂತ ಮೊದಲೇ ಕುಳಿತಿದ್ದಳು.

"ಬೇಗ ಬಾ ಆಪಾ" ಎಂದಳು, "ತುಮಕೂರು ದೂರ ಇದೆ."